ಇಗರ್ಜಿಯ ಪುಸ್ತಕಗಳು: ಸ್ವತ್ತೋ, ನಿಕ್ಷೇಪವೋ?

ತನ್ನ ಹಿರಿಯರು ಯಾರು, ಅವರು ಎಲ್ಲಿಂದ ಬಂದರು, ಎಲ್ಲಿ ಮಣ್ಣಾದರು ಎಂಬುದನ್ನು ತಿಳಿಯಬೇಕೆಂಬ ಆಸೆಯು ಮನುಷ್ಯನಿಗೆ ಸ್ವಭಾವಸಿದ್ಧವಾದುದು. ಶ್ರಾದ್ಧಕರ್ಮದಲ್ಲಿ ತಂದೆ, ತಾತ, ಮುತ್ತಾತ ಈ ಮೂವರ ನಾಮಗೋತ್ರಗಳನ್ನು ಉಚ್ಚರಿಸಲೇಬೇಕೆಂಬ ವಿಧಿಯು ಈ ಆಸೆಗೆ ಧರ್ಮದ ರೂಪವನ್ನು ಕೊಟ್ಟಿದೆ. ಉತ್ತರ ಕರ್ಣಾಟಕದ ಹಳ್ಳಿಗಳಿಗೆ ಹೆಳವನು ಎತ್ತನ್ನೇರಿ ಬಂದು, ಒಕ್ಕಲಿನ ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಮೊದಲ್ಗೊಂಡು ಈಚೆಗೆ ಹುಟ್ಟಿದ ಕೂಸಿನವರೆಗೆ ವಂಶಾವಳಿಯನ್ನು ಹೇಳುವನು. ಮನೆಯವರು ಕಾಳುಕಡಿಗಳನ್ನೋ ಕರುವನ್ನೋ ಕೊಟ್ಟು ಕಳುಹಿಸುವರು. ಹೆಳವನ ಪುಸ್ತಕವು ಹೆಳವನದೇ ಸರಿ. ಆದರೆ ಅದರಲ್ಲಿರುವ ಹೆಸರುಗಳು ಆ ಮನೆಯವು. ಕೇಳಿದ ಮನೆಯವರಿಗೆ ಹೇಳೆನೆಂದು ಹೆಳವನು ಎಂದಾದರೂ ಹೇಳಿದರೆ ಅವನ ವೃತ್ತಿಗೆ ಅರ್ಥವೇ ಉಳಿಯುವುದಿಲ್ಲ.

ಹೆಳವನಿಗೆ ತಿಳಿದ ಈ ಸಣ್ಣ ನ್ಯಾಯವು ದೊಡ್ಡ ದೊಡ್ಡ ಧರ್ಮಪೀಠಗಳಿಗೆ ತಿಳಿಯದೆ ಹೋದುದು ಸೋಜಿಗದ ಸಂಗತಿಯಾಗಿದೆ. ಕ್ರೈಸ್ತ ಚರ್ಚುಗಳ ವಶದಲ್ಲಿರುವ ಜ್ಞಾನಸ್ನಾನ, ವಿವಾಹ, ಸಮಾಧಿ ಇವುಗಳ ಪುಸ್ತಕಗಳನ್ನು ತಮ್ಮ ಕುಲದ ಚರಿತ್ರೆಯನ್ನು ಹುಡುಕುವವರಿಗೆ ತೋರಿಸಬೇಕೋ ಬೇಡವೋ ಎಂಬ ವಿವಾದವು ಅನೇಕ ದೇಶಗಳಲ್ಲಿ ನಡೆದಿದೆ, ಇನ್ನೂ ನಡೆಯುತ್ತಿದೆ. ‘ಪುಸ್ತಕವು ಚರ್ಚಿನ ಸ್ವತ್ತು, ತೋರಿಸುವುದು ಅದರ ಕೃಪೆ, ತೋರಿಸದಿರುವುದು ಅದರ ಹಕ್ಕು’ ಎಂಬುದು ಒಂದು ಪಕ್ಷ. ‘ಪುಸ್ತಕವು ಚರ್ಚಿನಲ್ಲಿ ಇಟ್ಟ ನಿಕ್ಷೇಪ, ಇಟ್ಟವರ ಸಂತತಿಯು ಕೇಳಿದಾಗ ತೋರಿಸುವುದು ಕರ್ತವ್ಯ’ ಎಂಬುದು ಇನ್ನೊಂದು. ಎರಡನೆಯದೇ ಧರ್ಮಸಮ್ಮತವಾದುದೆಂದು ಇಲ್ಲಿ ಸಾಧಿಸತಕ್ಕದ್ದಾಗಿದೆ. ಸ್ಥಾಲೀಪುಲಾಕನ್ಯಾಯದಂತೆ ಐರ್ಲೆಂಡು ದೇಶವೊಂದನ್ನು ಹಿಡಿದು ನೋಡಿದರೆ ಅನ್ನವು ಬೆಂದಿದೆಯೋ ಇಲ್ಲವೋ ತಿಳಿಯುವುದು.

ಮೊದಲು ಈ ಪುಸ್ತಕಗಳು ಹುಟ್ಟಿದ ಬಗೆಯನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ ರಾಜನ ಮಂತ್ರಿಯಾಗಿದ್ದ ತಾಮಸ್ ಕ್ರಾಮ್‌ವೆಲ್ಲನು ೧೫೩೮ ನೆಯ ಇಸವಿಯಲ್ಲಿ, ಪ್ರತಿಯೊಂದು ಪ್ಯಾರಿಷಿನ ಪಾದ್ರಿಯೂ ಜ್ಞಾನಸ್ನಾನ, ವಿವಾಹ, ಸಮಾಧಿಗಳನ್ನು ವಾರವಾರವೂ ಪುಸ್ತಕದಲ್ಲಿ ಬರೆಯತಕ್ಕದ್ದೆಂದು ಆಜ್ಞೆ ಮಾಡಿದನು. ಬರೆಯದೆ ಬಿಟ್ಟರೆ ದಂಡ. ಆ ಪುಸ್ತಕವನ್ನು ಇಡುವುದಕ್ಕಾಗಿ ಎರಡು ಬೀಗಗಳುಳ್ಳ ಒಂದು ಪೆಟ್ಟಿಗೆಯಿರಬೇಕು. ಒಂದು ಬೀಗದ ಕೈ ಪಾದ್ರಿಯ ಬಳಿಯಲ್ಲಿ, ಮತ್ತೊಂದು ಊರವರ ಪೈಕಿ ನೇಮಕವಾದ ಚರ್ಚ್‌ವಾರ್ಡನರ ಬಳಿಯಲ್ಲಿ. ಈ ಎರಡನೆಯ ಬೀಗದ ಕೈಯನ್ನು ವಾಚಕರು ಮರೆಯಬಾರದು. ಪುಸ್ತಕವು ಪಾದ್ರಿಯ ಸ್ವಂತದ್ದಾಗಿದ್ದರೆ ಊರವರ ಕೈಯಲ್ಲಿ ಕೀಲಿಯೇಕೆ? ರೋಮನ್ ಕಥೋಲಿಕರಲ್ಲಿ ಟ್ರೆಂಟಿನ ಮಹಾಸಭೆಯು ೧೫೬೩ ರಲ್ಲಿ ವಿವಾಹ ಮತ್ತು ಜ್ಞಾನಸ್ನಾನದ ಪುಸ್ತಕಗಳನ್ನು ವಿಧಿಸಿತು; ೧೬೧೪ ರಲ್ಲಿ ಪ್ರಕಟವಾದ ರೋಮನ್ ಕರ್ಮವಿಧಿಗ್ರಂಥವು ಮರಣಾದಿಗಳ ಪುಸ್ತಕಗಳನ್ನೂ ಅದಕ್ಕೆ ಸೇರಿಸಿತು.

ಸರಕಾರಗಳು ಜನನಮರಣಗಳನ್ನು ತಾವೇ ಬರೆದಿಡತೊಡಗಿದುದು ಬಹಳ ಈಚೆಗೆ. ಫ್ರಾನ್ಸಿನಲ್ಲಿ ೧೭೯೨, ಇಂಗ್ಲೆಂಡಿನಲ್ಲಿ ೧೮೩೭, ಸ್ಕಾಟ್ಲೆಂಡಿನಲ್ಲಿ ೧೮೫೫, ಐರ್ಲೆಂಡಿನಲ್ಲಿ ಸಮಗ್ರವಾಗಿ ೧೮೬೪, ಪೋರ್ಚುಗಲ್ಲಿನಲ್ಲಿ ಕಡ್ಡಾಯವಾಗಿ ೧೯೧೧. ಸ್ವೀಡನ್ ದೇಶದಲ್ಲಿಯಂತೂ ೧೯೯೧ ರ ವರೆಗೆ ಚರ್ಚೇ ಜನರ ಲೆಕ್ಕವನ್ನಿಡುತ್ತಿತ್ತು. ಅರಸನ ಹುಟ್ಟನ್ನು ಶಾಸನವು ಹೇಳುವುದು, ಸರದಾರನ ಹುಟ್ಟನ್ನು ಕಾವ್ಯವು ಹೇಳುವುದು. ಉತ್ತು ಬಿತ್ತಿದವನ ಹುಟ್ಟನ್ನು ಹೇಳುವುದಕ್ಕೆ ಆ ಶತಮಾನಗಳಲ್ಲಿ ಇಗರ್ಜಿಯ ಪುಸ್ತಕವೊಂದರ ಹೊರತು ಬೇರೆ ಸಾಕ್ಷಿಯಿಲ್ಲ. ಆ ಸಾಕ್ಷಿಯ ಬಾಯಿ ಕಟ್ಟಿದರೆ ಬಡವನಿಗೆ ಚರಿತ್ರೆಯೇ ಇಲ್ಲವೆಂದು ತೀರ್ಪು ಕೊಟ್ಟಂತಾಗುವುದು.

ಐರ್ಲೆಂಡಿನಲ್ಲಿ ಈ ಮಾತು ಅಕ್ಷರಶಃ ನಿಜವಾಯಿತು. ಆ ದೇಶದಲ್ಲಿ ಬಹುಸಂಖ್ಯಾತರು ಕಥೋಲಿಕರು. ರಾಜಮಾನ್ಯವಾಗಿದ್ದುದು ಪ್ರಾಟೆಸ್ಟೆಂಟ್ ಚರ್ಚು. ೧೮೬೯ ರ ಕಾಯಿದೆಯಿಂದ ಆ ಚರ್ಚಿನ ರಾಜಮಾನ್ಯತೆಯು ತಪ್ಪಿದ ಮೇಲೆ ಅದರ ಹಳೆಯ ರಿಜಿಸ್ಟರುಗಳನ್ನು ಸಾರ್ವಜನಿಕ ದಾಖಲೆಗಳೆಂದು ಪರಿಗಣಿಸಿ, ಭದ್ರವಾದ ಸ್ಥಳವಿಲ್ಲದ ಪ್ಯಾರಿಷುಗಳ ಪುಸ್ತಕಗಳನ್ನು ಡಬ್ಲಿನ್ನಿನ ದಾಖಲೆಗೃಹಕ್ಕೆ ತರಿಸಲಾಯಿತು. ೧೯೨೨ ನೆಯ ಇಸವಿ ಜೂನ್ ೩೦ ರಂದು, ಅಂತರ್ಯುದ್ಧದ ಆರಂಭದಲ್ಲಿ, ಆ ದಾಖಲೆಗೃಹವಿದ್ದ ಫೋರ್ ಕೋರ್ಟ್ಸ್ ಆವರಣವು ಸ್ಫೋಟಕ್ಕೂ ಬೆಂಕಿಗೂ ಆಹುತಿಯಾಯಿತು. ಆ ಚರ್ಚಿನ ಪ್ಯಾರಿಷುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಪುಸ್ತಕಗಳು ಅಂದು ಬೂದಿಯಾದವು. ೧೮೨೧ ರಿಂದ ೧೮೫೧ ರ ವರೆಗಿನ ನಾಲ್ಕು ಜನಗಣತಿಗಳ ಮೂಲಪತ್ರಗಳೂ ಬಹುಮಟ್ಟಿಗೆ ಅದರೊಡನೆ ಹೋದವು. ೧೮೬೧ ಮತ್ತು ೧೮೭೧ ರ ಪತ್ರಗಳನ್ನು ಸರಕಾರವೇ ಲೆಕ್ಕ ಮುಗಿದ ಮೇಲೆ ನಾಶಮಾಡಿತ್ತು. ೧೮೮೧ ಮತ್ತು ೧೮೯೧ ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾದವು. ಒಂದು ರಾಷ್ಟ್ರದ ನೆನಪು ಇಷ್ಟು ಬಗೆಯಲ್ಲಿ ನಷ್ಟವಾದ ದೃಷ್ಟಾಂತವು ವಿರಳ.

ಹೀಗೆ ಎಲ್ಲವೂ ಹೋದ ಮೇಲೆ ಉಳಿದುದು ಕಥೋಲಿಕ ಪ್ಯಾರಿಷುಗಳ ಪುಸ್ತಕಗಳು. ಅವು ಡಬ್ಲಿನ್ನಿಗೆ ಬಂದಿರಲಿಲ್ಲವಾದುದರಿಂದ ಸುಡಲಿಲ್ಲ. ಪಟ್ಟಣಗಳಲ್ಲಿ ಹದಿನೆಂಟನೆಯ ಶತಮಾನದಿಂದಲೂ, ಪಶ್ಚಿಮದ ಬಡ ಹಳ್ಳಿಗಳಲ್ಲಿ ಬಹುಮಟ್ಟಿಗೆ ೧೮೨೦ ರ ಈಚೆಗೂ ಬರೆಯಲ್ಪಟ್ಟ, ಲ್ಯಾಟಿನ್ನಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವ, ಸವೆದ ಮಸಿಯ ಪುಸ್ತಕಗಳು. ೧೮೪೫ ರಿಂದ ಬಟಾಟೆಯ ಬೆಳೆಗೆ ರೋಗ ಬಿದ್ದು ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಸತ್ತರು. ಮತ್ತೂ ಹತ್ತು ಲಕ್ಷಕ್ಕೆ ಕಡಮೆಯಿಲ್ಲದಷ್ಟು ಜನರು ಹಡಗು ಹತ್ತಿದರು. ಅವರ ಸಂತತಿಯು ಇಂದು ಅಮೆರಿಕ, ಕೆನಡ, ಆಸ್ಟ್ರೇಲಿಯಗಳಲ್ಲಿ ಹರಡಿದೆ. ಅಲ್ಲಿಂದ ಬಂದು ತನ್ನ ಮುತ್ತಜ್ಜಿಯ ಹೆಸರನ್ನು ಹುಡುಕುವವನಿಗೆ ದಾರಿಯಿರುವುದು ಆ ಒಂದು ಪುಸ್ತಕದ ಮೂಲಕ ಮಾತ್ರ.

ಐರ್ಲೆಂಡಿನ ರಾಷ್ಟ್ರೀಯ ಪುಸ್ತಕಾಲಯವು ೧೯೪೯ ರಿಂದ ಮೊದಲುಮಾಡಿ ಈ ಪುಸ್ತಕಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿತು. ಕೆಲಸವು ದೊಡ್ಡದು, ಚರ್ಚಿನವರ ಸಹಕಾರವೂ ಅದಕ್ಕೆ ದೊರೆಯಿತು; ಈ ಶ್ರೇಯಸ್ಸನ್ನು ಅವರಿಗೆ ಸಲ್ಲಿಸತಕ್ಕದ್ದೇ ನ್ಯಾಯ. ಆದರೆ ಫಿಲ್ಮು ಸರಕಾರದ ಪುಸ್ತಕಾಲಯದಲ್ಲಿದ್ದರೂ ಕೆಲವು ಧರ್ಮಪ್ರಾಂತ್ಯಗಳ ಬಿಷಪ್ಪರು, ತಮ್ಮ ಲಿಖಿತ ಅನುಮತಿಯಿಲ್ಲದೆ ತಮ್ಮ ಪ್ರಾಂತ್ಯದ ಸುರುಳಿಗಳನ್ನು ಯಾರಿಗೂ ತೋರಿಸಕೂಡದೆಂಬ ನಿಬಂಧನೆಯನ್ನು ಹಾಕಿದರು. ಅದು ದಶಕಗಳ ಕಾಲ ನಡೆಯಿತು. ತೆರಿಗೆದಾರರ ಹಣದಿಂದ ಕೊಂಡ ಫಿಲ್ಮು, ಸರಕಾರದ ಕಟ್ಟಡ, ಸರಕಾರದ ಯಂತ್ರ. ನೋಡಬೇಕಾದವನು ಮಾತ್ರ ಬಿಷಪ್ಪರ ಪತ್ರವನ್ನು ತರಬೇಕು! ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕುವುದು ಕಷ್ಟ.

ಕೊನೆಗೆ ೨೦೧೫ ನೆಯ ಇಸವಿ ಜುಲೈ ೮ ರಂದು ಆ ಪುಸ್ತಕಾಲಯವು ತನ್ನಲ್ಲಿದ್ದ ಫಿಲ್ಮುಗಳ ೩,೭೦,೦೦೦ ಕ್ಕೂ ಹೆಚ್ಚು ಚಿತ್ರಗಳನ್ನು, ಬಹುಮಟ್ಟಿಗೆ ೧೮೮೦ ರ ಸುಮಾರಿನವರೆಗಿನವನ್ನು, ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಸಾವಿರಕ್ಕಿಂತ ಹೆಚ್ಚು ಪ್ಯಾರಿಷುಗಳ ಪುಸ್ತಕಗಳು ಒಂದೇ ದಿನ ಬೆಳಕಿಗೆ ಬಂದವು. ಅದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ಇಗರ್ಜಿಗಳ ಪೂಜೆ ನಿಲ್ಲಲಿಲ್ಲ. ಯಾವ ಮನೆತನದ ಮಾನವೂ ಹೋಗಲಿಲ್ಲ. ಹಾಗಾದರೆ ಅಷ್ಟು ದಶಕಗಳ ಕಾಲ ಬಾಗಿಲು ಹಾಕಿಟ್ಟುದರಿಂದ ಯಾರಿಗೆ ಏನು ಲಾಭವಾಯಿತು? ಆ ಅವಧಿಯಲ್ಲಿ ಹುಡುಕಿ ಹುಡುಕಿ ಬೇಸತ್ತು ತೀರಿಕೊಂಡ ಮುದುಕರಿಗೆ ಆದ ನಷ್ಟವಂತೂ ಸ್ಪಷ್ಟವಾಗಿದೆ.

ಇನ್ನು ಪ್ರತಿಪಕ್ಷದವರ ವಾದಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು.

ಮೊದಲನೆಯದು ಸ್ವತ್ತಿನ ವಾದ. ‘ಕಾಗದ ಚರ್ಚಿನದು, ಮಸಿ ಚರ್ಚಿನದು, ಬರೆದ ಕೈ ಪಾದ್ರಿಯದು, ಆದುದರಿಂದ ಪುಸ್ತಕವು ಚರ್ಚಿನದು’ ಎನ್ನುವರು. ಕಥೋಲಿಕ ಪುಸ್ತಕಗಳನ್ನು ಐರ್ಲೆಂಡಿನ ಸರಕಾರವು ವಿಧಿಸಿರಲಿಲ್ಲವೆಂಬುದನ್ನೂ ಇದಕ್ಕೆ ಸೇರಿಸುವರು. ಒಪ್ಪತಕ್ಕ ಮಾತೇ, ಆದರೆ ಇದರಿಂದ ಅವರ ಸಿದ್ಧಾಂತವು ಸಿದ್ಧಿಸುವುದಿಲ್ಲ. ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಹದಿನೆಂಟಾಗಿ ಎಣಿಸಿ, ಋಣಾದಾನದ ಬೆನ್ನಿಗೇ ನಿಕ್ಷೇಪವನ್ನು ಹೇಳಿರುವುದು ಸುಮ್ಮನೆಯಲ್ಲ. ಒಬ್ಬನು ನಂಬಿ ಇಟ್ಟುದನ್ನು ಇನ್ನೊಬ್ಬನು ಕಾಪಾಡುವುದು ನಿಕ್ಷೇಪ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿ ಮುಚ್ಚಿ ಇಟ್ಟುದನ್ನು ಯಾಜ್ಞವಲ್ಕ್ಯರು ಔಪನಿಧಿಕವೆಂದು ಬೇರೆ ಹೆಸರಿನಿಂದ ಕರೆದರು. ಎರಡರಲ್ಲಿಯೂ ಪೆಟ್ಟಿಗೆಯು ಯಾರದೆಂಬುದು ಪ್ರಶ್ನೆಯಲ್ಲ, ಒಳಗಿನ ವಸ್ತುವು ಯಾರದೆಂಬುದೇ ಪ್ರಶ್ನೆ. ಅಕ್ಕಸಾಲಿಗನ ಪೆಟ್ಟಿಗೆಯಲ್ಲಿ ಇಟ್ಟ ಮಾತ್ರಕ್ಕೆ ಒಡವೆಯು ಅಕ್ಕಸಾಲಿಗನದಾಗುವುದೇ?

ಪುಸ್ತಕದ ಒಳಗಿರುವ ವಸ್ತುವಾದರೂ ಏನು? ಒಬ್ಬ ತಾಯಿಯ ಹೆಸರು, ಒಂದು ಕೂಸಿನ ಹೆಸರು, ಸಾಕ್ಷಿ ನಿಂತವರ ಹೆಸರು, ಊರಿನ ಹೆಸರು. ಇವುಗಳಲ್ಲಿ ಒಂದಾದರೂ ಪಾದ್ರಿಯು ಸೃಷ್ಟಿಸಿದುದಲ್ಲ. ಆ ತಾಯಿಯು ಕೂಸನ್ನೆತ್ತಿಕೊಂಡು ಬಂದು, ವಾಡಿಕೆಯ ಕಾಣಿಕೆಯನ್ನಿಟ್ಟು, ಹೆಸರನ್ನು ಹೇಳಿ ಹೋದಳು. ಬರೆದಿಟ್ಟುಕೊಂಡವನು ಕಾಯುವವನು ಮಾತ್ರ. ಸರಕಾರವೂ ಈ ಪುಸ್ತಕವನ್ನು ಖಾಸಗಿ ಚೀಟಿಯೆಂದು ಎಣಿಸಲಿಲ್ಲ. ಬ್ರಿಟಿಷ್ ಪಾರ್ಲಿಮೆಂಟು ೧೯೦೮ ರಲ್ಲಿ ಎಪ್ಪತ್ತು ವರ್ಷ ತುಂಬಿದ ಬಡವರಿಗೆ ವಿಶ್ರಾಂತಿವೇತನವನ್ನು ಗೊತ್ತುಮಾಡಿದಾಗ, ೧೮೬೪ ಕ್ಕಿಂತ ಹಿಂದೆ ಹುಟ್ಟಿದ ಐರಿಷ್ ಮುದುಕರು ಸರಕಾರಿ ಜನನಪತ್ರವನ್ನು ಎಲ್ಲಿಂದ ತರಬೇಕು? ಹಳೆಯ ಜನಗಣತಿಯ ನಕಲು, ಇಲ್ಲವೆ ಇಗರ್ಜಿಯ ಜ್ಞಾನಸ್ನಾನಪತ್ರ, ಇವುಗಳನ್ನೇ ವಯಸ್ಸಿಗೆ ಪ್ರಮಾಣವಾಗಿ ಒಪ್ಪಿಸಿದರು. ಹೊಟ್ಟೆಯ ಅನ್ನಕ್ಕೆ ಸಾಕ್ಷಿ ಹೇಳಿದ ಪುಸ್ತಕವು ಸಾರ್ವಜನಿಕವಾದುದಲ್ಲವೆಂದು ಹೇಳುವುದು ಹೇಗೆ?

ಇದೆಲ್ಲವೂ ಹೊರಗಿನವರ ತರ್ಕವೆಂದರೆ, ಚರ್ಚಿನ ಒಳಗಿನ ಶಾಸ್ತ್ರವನ್ನೇ ತೆರೆದು ನೋಡಬಹುದು. ೧೯೮೩ ರಲ್ಲಿ ಪ್ರಕಟವಾದ ರೋಮನ್ ಕಥೋಲಿಕ ಧರ್ಮಸಂಹಿತೆಯ ೪೮೭ ನೆಯ ವಿಧಿಯು, ಸ್ವಭಾವತಃ ಸಾರ್ವಜನಿಕವಾಗಿದ್ದು ತಮ್ಮ ವೈಯಕ್ತಿಕ ಸ್ಥಿತಿಗೆ ಸಂಬಂಧಪಟ್ಟ ದಾಖಲೆಗಳ ಪ್ರಮಾಣಿತ ಪ್ರತಿಯನ್ನು ಪಡೆಯುವುದು ಆಸಕ್ತರ ಹಕ್ಕು ಎಂದೇ ಹೇಳುತ್ತದೆ. ೫೩೫ ನೆಯದು ಪ್ಯಾರಿಷಿನ ಹಳೆಯ ಪುಸ್ತಕಗಳನ್ನೂ ಜಾಗರೂಕತೆಯಿಂದ ಕಾಪಾಡಬೇಕೆನ್ನುತ್ತದೆ. ೪೯೧ ನೆಯದು ಚಾರಿತ್ರಿಕ ದಾಖಲೆಗೃಹವನ್ನು ಏರ್ಪಡಿಸುವ ಹೊಣೆಯನ್ನು ಬಿಷಪ್ಪರ ಮೇಲೆ ಹೊರಿಸುತ್ತದೆ. ಚರ್ಚಿನ ಸಾಂಸ್ಕೃತಿಕ ಸಂಪತ್ತನ್ನು ನೋಡಿಕೊಳ್ಳುವ ವ್ಯಾಟಿಕನ್ನಿನ ಆಯೋಗವು ೧೯೯೭ ರಲ್ಲಿ ಬಿಷಪ್ಪರಿಗೆ ಕಳುಹಿಸಿದ ಪತ್ರದಲ್ಲಿ, ದಾಖಲೆಗಳು ಮುಂದಿನವರಿಗೆ ಮುಟ್ಟಿಸುವುದಕ್ಕೂ ಉಪಯೋಗಿಸುವುದಕ್ಕೂ ಕಾಪಾಡಲ್ಪಟ್ಟ ಪರಂಪರಾಗತ ಸಂಪತ್ತು ಎಂಬ ಅಭಿಪ್ರಾಯವನ್ನು ವಿಸ್ತಾರವಾಗಿ ನಿರೂಪಿಸಿದೆ. ಸ್ವಶಾಸ್ತ್ರವೇ ಹಕ್ಕೆಂದು ಹೇಳಿರುವಲ್ಲಿ ಕೃಪೆಯೆಂದು ಹೇಳುವವರು ಯಾವ ಶಾಸ್ತ್ರವನ್ನು ಅನುಸರಿಸುವರೋ ತಿಳಿಯದು.

ಎರಡನೆಯದು ಗೌಪ್ಯದ ವಾದ. ‘ಈ ಪುಸ್ತಕಗಳಲ್ಲಿ ಮದುವೆಯಿಲ್ಲದೆ ಹುಟ್ಟಿದ ಮಕ್ಕಳ ಹೆಸರಿದೆ, ದತ್ತಕದ ಸಂಗತಿಯಿದೆ, ತೆರೆದರೆ ಮನೆತನಗಳ ಮರ್ಯಾದೆಗೆ ಧಕ್ಕೆ ಬರುವುದು’ ಎನ್ನುವರು. ಜೀವಂತವಾಗಿರುವವರ ವಿಷಯದಲ್ಲಿ ಈ ಮಾತಿಗೆ ಬೆಲೆಯುಂಟು. ಆದುದರಿಂದಲೇ ಕಾಲದ ಒಂದು ಎಲ್ಲೆಯನ್ನು ಹಾಕಬೇಕೆಂಬುದು ಸರ್ವಸಮ್ಮತ. ಪೋರ್ಚುಗಲ್ಲಿನಲ್ಲಿ ಜನನದ ಪುಸ್ತಕಕ್ಕೆ ನೂರು ವರ್ಷ, ವಿವಾಹದ ಪುಸ್ತಕಕ್ಕೆ ಐವತ್ತು, ಮರಣದ ಪುಸ್ತಕಕ್ಕೆ ಮೂವತ್ತು ಕಳೆದ ಮೇಲೆ ಅವು ಸರಕಾರದ ದಾಖಲೆಗೃಹಕ್ಕೆ ಸೇರುತ್ತವೆ. ಡಬ್ಲಿನ್ನಿನ ಪುಸ್ತಕಾಲಯವು ತೆರೆದಿಟ್ಟ ಚಿತ್ರಗಳಲ್ಲಿರುವವರಲ್ಲಿ ಒಬ್ಬರಾದರೂ ಇಂದು ಬದುಕಿರಲಾರರು. ನೂರು ವರ್ಷದ ಹಿಂದಿನ ಕೂಸಿನ ಮಾನವನ್ನು ಕಾಯುವ ನೆವದಿಂದ ಇನ್ನೂರು ವರ್ಷದ ಹಿಂದಿನ ಪುಸ್ತಕಕ್ಕೆ ಬೀಗ ಹಾಕುವುದು ಯಾವ ವಿವೇಕ?

ಇದಲ್ಲದೆ ಗೌಪ್ಯವೆಂಬ ಪರದೆಯ ಹಿಂದೆ ಯಾರು ಅಡಗಿದ್ದಾರೆಂಬುದನ್ನೂ ನೋಡಬೇಕು. ಐರ್ಲೆಂಡಿನಲ್ಲಿ ಅವಿವಾಹಿತ ತಾಯಂದಿರಿಗಾಗಿ ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಆಶ್ರಯಗೃಹಗಳಿದ್ದವು. ಅವುಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಅನೇಕರನ್ನು ತಾಯಿಯಿಂದ ಅಗಲಿಸಿ ದತ್ತಕ್ಕೆ ಕೊಡಲಾಯಿತು. ಟೂಅಮ್ ಎಂಬ ಊರಿನ ಅಂಥ ಗೃಹದಲ್ಲಿ ಸತ್ತ ೭೯೬ ಮಕ್ಕಳ ಹೆಸರುಗಳನ್ನು ಕ್ಯಾಥರಿನ್ ಕಾರ್ಲೆಸ್ ಎಂಬ ಸ್ಥಳೀಯ ಚರಿತ್ರೆಗಾರ್ತಿಯು ಸರಕಾರಿ ಮರಣದಾಖಲೆಗಳಿಂದ ಒಂದೊಂದಾಗಿ ತೆಗೆಸಿ ೨೦೧೪ ರಲ್ಲಿ ಲೋಕದ ಮುಂದಿಟ್ಟಳು. ಆ ಮಕ್ಕಳಿಗೆ ಸಮಾಧಿಯ ದಾಖಲೆಯು ಸಿಕ್ಕಲಿಲ್ಲ. ಸರಕಾರದ ರಿಜಿಸ್ಟರು ತೆರೆದಿದ್ದುದರಿಂದಲ್ಲವೇ ಆ ಹೆಸರುಗಳು ಬದುಕಿದುದು? ದತ್ತಕ್ಕೆ ಹೋದವರಿಗೆ ತಮ್ಮ ಜನನದ ವಿವರವನ್ನು ಪಡೆಯುವ ಸಂಪೂರ್ಣವಾದ ಹಕ್ಕು ದೊರೆತುದು ೨೦೨೨ ರ ಕಾಯಿದೆಯಿಂದ. ಅಷ್ಟು ಕಾಲವೂ ಅವರಿಗೆ ‘ನಿಮ್ಮ ತಾಯಿಯ ಗೌಪ್ಯ’ ಎಂಬ ಉತ್ತರವೇ ಬರುತ್ತಿತ್ತು. ತಾಯಿಯ ಹೆಸರನ್ನು ಮಗುವಿನಿಂದ ಮುಚ್ಚಿಡುವುದು ತಾಯಿಯ ಮಾನವನ್ನು ಕಾಯುವುದಕ್ಕಿಂತ, ಅವರಿಬ್ಬರನ್ನು ಅಗಲಿಸಿದವರ ಮಾನವನ್ನೇ ಹೆಚ್ಚಾಗಿ ಕಾಯಿತೆಂಬುದನ್ನು ಯಾವ ಸಹೃದಯನೂ ಅಲ್ಲಗಳೆಯಲಾರನು.

ಮೂರನೆಯದು ದುರುಪಯೋಗದ ವಾದ. ಅಮೆರಿಕದ ಯೂಟಾ ಪ್ರಾಂತದಲ್ಲಿ ಮಾರ್ಮನ್ ಪಂಥದವರು ೧೮೯೪ ರಲ್ಲಿ ಸ್ಥಾಪಿಸಿದ ವಂಶಾವಳಿಯ ಸಂಘವು ೧೯೩೮ ರಿಂದ ಲೋಕದ ನಾನಾ ದೇಶಗಳ ದಾಖಲೆಗಳನ್ನು ಫಿಲ್ಮು ಮಾಡಿ, ಗ್ರಾನೈಟ್ ಬೆಟ್ಟವನ್ನು ಕೊರೆದು ಮಾಡಿದ ಉಗ್ರಾಣದಲ್ಲಿ ಕಾಪಾಡಿದೆ; ಹರಿದ್ವಾರದ ಪಂಡರ ವಹಿಗಳನ್ನು ಕೂಡ ಬಿಟ್ಟಿಲ್ಲ. ತೀರಿಕೊಂಡ ತಮ್ಮ ಪೂರ್ವಜರಿಗೆ ಬದುಕಿರುವವರು ಪ್ರತಿನಿಧಿಯಾಗಿ ನಿಂತು ಜ್ಞಾನಸ್ನಾನ ಮಾಡಿಸಿಕೊಳ್ಳುವುದು ಆ ಪಂಥದ ಆಚಾರ. ಇದು ಕಥೋಲಿಕರಿಗೆ ಒಪ್ಪಿಗೆಯಾಗಲಿಲ್ಲ. ೨೦೦೮ ರಲ್ಲಿ ವ್ಯಾಟಿಕನ್ನಿನ ಪಾದ್ರಿವರ್ಗದ ಇಲಾಖೆಯು, ಆ ಸಂಘಕ್ಕೆ ಪ್ಯಾರಿಷಿನ ಪುಸ್ತಕಗಳನ್ನು ಕೊಡಕೂಡದೆಂದು ಬಿಷಪ್ಪರ ಸಮ್ಮೇಳನಗಳಿಗೆ ಬರೆಯಿತು.

ಈ ಅಸಮಾಧಾನವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ತನ್ನ ಮುತ್ತಜ್ಜನಿಗೆ ಪರಮತದವರು ಪರೋಕ್ಷದಲ್ಲಿ ಸಂಸ್ಕಾರ ಮಾಡಿದರೆಂದು ಕೇಳಿದರೆ ಯಾವ ಶ್ರದ್ಧಾಳುವಿನ ಮನಸ್ಸೂ ನೋಯುವುದು. ಆದರೆ ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವರೇ? ಒಂದು ಸಂಘದೊಡನೆ ವ್ಯಾಜ್ಯವಿದ್ದರೆ ಆ ಸಂಘದೊಡನೆ ಒಡಂಬಡಿಕೆಯನ್ನು ಮಾಡಿಕೊಳ್ಳಬಹುದು, ಇಲ್ಲವೇ ಐರ್ಲೆಂಡಿನಲ್ಲಿ ಆದಂತೆ ರಾಷ್ಟ್ರೀಯ ಪುಸ್ತಕಾಲಯಕ್ಕೆ ಆ ಕೆಲಸವನ್ನು ಒಪ್ಪಿಸಬಹುದು. ಅದು ಬಿಟ್ಟು, ಆ ಪಂಥಕ್ಕೆ ಸಂಬಂಧವೇ ಇಲ್ಲದ ಮೊಮ್ಮಗನಿಗೆ ‘ನೀನೂ ನೋಡಬೇಡ’ ಎಂದು ಹೇಳುವುದು ಕಳ್ಳನ ಮೇಲಣ ಕೋಪವನ್ನು ಮನೆಯವನ ಮೇಲೆ ತೀರಿಸಿಕೊಂಡಂತೆ. ತಮ್ಮ ಮತದ ಪ್ರಕಾರ ಅನ್ಯರ ಸಂಸ್ಕಾರವು ನಿಷ್ಫಲವೆಂದು ನಂಬುವವರು ನಿಷ್ಫಲವಾದುದಕ್ಕೆ ಇಷ್ಟು ಹೆದರುವುದೂ ವಿಚಾರಮಾಡತಕ್ಕ ವಿಷಯ.

ನಾಲ್ಕನೆಯದು ರಕ್ಷಣೆಯ ವಾದ. ಇದೇ ಎಲ್ಲಕ್ಕಿಂತ ಬಲವಾದುದು. ‘ಡಬ್ಲಿನ್ನಿಗೆ ಕಳುಹಿಸಿದ ಪುಸ್ತಕಗಳು ಸುಟ್ಟವು, ಪ್ಯಾರಿಷಿನಲ್ಲಿಯೇ ಉಳಿದವು ಬದುಕಿದವು. ಆದುದರಿಂದ ಚರ್ಚಿನ ಕಪಾಟೇ ಕ್ಷೇಮ’ ಎಂಬುದು ಅವರ ಮಾತು. ಸಂಗತಿಯು ನಿಜ, ಅನುಮಾನವು ತಪ್ಪು. ಆ ಪುಸ್ತಕಗಳು ಸುಟ್ಟುದು ಸರಕಾರದ ಬಳಿ ಇದ್ದುದರಿಂದಲ್ಲ, ಒಂದೇ ಪ್ರತಿಯಾಗಿದ್ದುದರಿಂದ. ಒಂದೇ ಪ್ರತಿಯು ಎಲ್ಲಿದ್ದರೂ ಬೆಂಕಿಗೆ ದೂರವಲ್ಲ. ಡಬ್ಲಿನ್ನಿನಲ್ಲಿ ಬೆಂಕಿಯಾದರೆ ಹಳ್ಳಿಯಲ್ಲಿ ಇಲಿ, ಗೆದ್ದಲು, ಸೋರುವ ಮಾಡು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಡೆನ್ಮಾರ್ಕಿನವರು ಇದನ್ನು ೧೮೧೪ ರಲ್ಲಿಯೇ ಅರಿತು, ಚರ್ಚಿನ ಪುಸ್ತಕಕ್ಕೆ ಎರಡು ಪ್ರತಿಗಳಿರಬೇಕು, ಅವೆರಡೂ ಒಂದೇ ಸೂರಿನ ಕೆಳಗೆ ರಾತ್ರಿಯನ್ನು ಕಳೆಯಕೂಡದು ಎಂದು ವಿಧಿಸಿದರು. ಫ್ರಾನ್ಸಿನವರು ೧೬೬೭ ರಿಂದಲೇ ಎರಡು ಪ್ರತಿಗಳನ್ನು ವಿಧಿಸಿದ್ದರೂ, ಪ್ಯಾರಿಸಿನಲ್ಲಿ ಎರಡನ್ನೂ ಅದೇ ನಗರದ ಎರಡು ಕಟ್ಟಡಗಳಲ್ಲಿ ಇಟ್ಟಿದ್ದುದರಿಂದ ೧೮೭೧ ನೆಯ ಮೇ ತಿಂಗಳ ದಂಗೆಯಲ್ಲಿ ಎರಡೂ ಉರಿದುಹೋದವು. ಇದರಿಂದ ಏರ್ಪಡುವ ಪಾಠವು ಬಾಗಿಲು ಹಾಕಬೇಕೆಂಬುದಲ್ಲ. ಪ್ರತಿಗಳನ್ನು ಹೆಚ್ಚಿಸಿ ದೂರದೂರ ಹರಡಬೇಕೆಂಬುದು. ಹತ್ತು ಕಡೆ ಇರುವ ಚಿತ್ರವನ್ನು ಯಾವ ಬೆಂಕಿಯೂ ಸುಡಲಾರದು. ಹಂಚಿದಷ್ಟೂ ವಿದ್ಯೆಯು ಬೆಳೆಯುವಂತೆ, ಹಂಚಿದಷ್ಟೂ ದಾಖಲೆಯು ಉಳಿಯುವುದು.

ಐದನೆಯದು ವೆಚ್ಚದ ವಾದ. ಪ್ಯಾರಿಷಿನ ಪಾದ್ರಿಗೆ ರೋಗಿಗಳನ್ನು ನೋಡುವ, ಪೂಜೆ ನಡೆಸುವ ಕೆಲಸವೇ ಸಾಕಷ್ಟಿರುವಾಗ, ಅನ್ಯದೇಶದಿಂದ ಬಂದವನಿಗಾಗಿ ಲ್ಯಾಟಿನ್ ಪುಟಗಳನ್ನು ತಿರುವುತ್ತ ಕುಳಿತುಕೊಳ್ಳಲು ಅವನಿಗೆ ಬಿಡುವೆಲ್ಲಿ? ನ್ಯಾಯವಾದ ಮಾತು. ಆದರೆ ಇದು ತೆರೆಯಬಾರದೆಂಬುದಕ್ಕೆ ಕಾರಣವಲ್ಲ, ಬೇಗ ತೆರೆಯಬೇಕೆಂಬುದಕ್ಕೆ ಕಾರಣ. ಒಮ್ಮೆ ಚಿತ್ರ ತೆಗೆದಿಟ್ಟರೆ ಮತ್ತೆ ಪಾದ್ರಿಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಸ್ವೀಡನ್ನಿನ ದಾಖಲೆಗೃಹವು ೨೦೧೮ ರಿಂದ ಚರ್ಚಿನ ಹಳೆಯ ಪುಸ್ತಕಗಳ ಚಿತ್ರಗಳನ್ನು ಉಚಿತವಾಗಿ ತೋರಿಸುತ್ತಿದೆ. ಜರ್ಮನಿಯ ಪ್ರಾಟೆಸ್ಟೆಂಟ್ ಚರ್ಚುಗಳು ಆರ್ಕಿಯಾನ್ ಎಂಬ ಹೆಸರಿನಲ್ಲಿ ಶುಲ್ಕವನ್ನು ಪಡೆದು ತೋರಿಸುತ್ತವೆ. ಆ ಕಡೆಯ ಅನೇಕ ಕಥೋಲಿಕ ಧರ್ಮಪ್ರಾಂತ್ಯಗಳು ಮಾಟ್ರಿಕುಲ ಎಂಬುದರಲ್ಲಿ ಶುಲ್ಕವಿಲ್ಲದೆ ತೋರಿಸುತ್ತವೆ. ಶ್ರಮಕ್ಕೆ ಶುಲ್ಕ ಕೇಳಿದರೆ ಯಾರೂ ಅಡ್ಡಿ ಹೇಳರು; ಹೆಳವನಿಗೂ ಕಾಳು ಸಲ್ಲುತ್ತದೆಯಷ್ಟೆ. ಅನುಮತಿಯನ್ನೇ ಮಾರುವುದು ಮಾತ್ರ ಬೇರೆಯ ವಿಷಯ.

ಇದೆಲ್ಲವೂ ಸಮುದ್ರದಾಚೆಯ ಜಗಳ, ಕನ್ನಡನಾಡಿಗೆ ಇದರಿಂದೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಸಂಬಂಧವು ಹತ್ತಿರವೇ ಇದೆ. ಕಂಪನಿಯ ಆಡಳಿತದಲ್ಲಿಯೂ ಬ್ರಿಟಿಷ್ ಸರಕಾರದಲ್ಲಿಯೂ, ಮದರಾಸು, ಮುಂಬಯಿ, ಬಂಗಾಳ ಈ ಮೂರು ಪ್ರಾಂತಗಳ ಚರ್ಚುಗಳಿಂದ ಜ್ಞಾನಸ್ನಾನ, ವಿವಾಹ, ಸಮಾಧಿಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಮದರಾಸಿನ ಸಾಲು ೧೬೯೮ ರಿಂದ ೧೯೪೮ ರ ವರೆಗಿನದು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಆದರೆ ಆ ಪ್ರತಿಗಳಲ್ಲಿರುವುದು ಪ್ರಧಾನವಾಗಿ ಐರೋಪ್ಯರ ಮತ್ತು ಆಂಗ್ಲೋ-ಇಂಡಿಯನ್ನರ ಹೆಸರುಗಳು. ಬೆಂಗಳೂರು ದಂಡಿನ ಒಬ್ಬ ಸಾರ್ಜೆಂಟನ ಮದುವೆಯನ್ನು ಅವನ ವಂಶಸ್ಥನು ಲಂಡನ್ನಿನಲ್ಲಿ ಕುಳಿತು ಕಾಣಬಹುದು. ಅದೇ ಕಾಲದ ಕನ್ನಡ, ಕೊಂಕಣಿ ಮಾತನಾಡುವ ಕ್ರೈಸ್ತ ಒಕ್ಕಲಿಗನ ಮದುವೆಯು ಅವನ ಊರಿನ ಇಗರ್ಜಿಯ ಕಪಾಟಿನಲ್ಲಿ, ಅನೇಕ ಕಡೆ ಒಂದೇ ಪ್ರತಿಯಲ್ಲಿ ಮಾತ್ರ ಇದೆ.

ಮಂಗಳೂರಿನ ಕಥೋಲಿಕರ ಪೂರ್ವಜರಲ್ಲಿ ಬಹು ಮಂದಿ ಗೋವೆಯಿಂದ ಬಂದವರು. ೧೭೮೪ ರಲ್ಲಿ ಟೀಪೂ ಸುಲ್ತಾನನು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಅನೇಕ ಇಗರ್ಜಿಗಳು ನೆಲಸಮವಾದವು. ೧೭೯೯ ರಲ್ಲಿ ಬಿಡುಗಡೆಯಾಗಿ ಮರಳಿದವರು ಮತ್ತೆ ಇಗರ್ಜಿಗಳನ್ನು ಕಟ್ಟಿ, ಮತ್ತೆ ಪುಸ್ತಕಗಳನ್ನು ತೆರೆದರು. ಒಮ್ಮೆ ಎಲ್ಲವನ್ನೂ ಕಳೆದುಕೊಂಡ ಜನರಿಗೆ ಅನಂತರದ ಆ ಪುಸ್ತಕಗಳ ಬೆಲೆಯೇನೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಕರಾವಳಿಯ ಮಳೆಗಾಲವು ಕಾಗದದ ಶತ್ರು. ಕಬ್ಬಿಣದಿಂದ ಮಾಡಿದ ಹಳೆಯ ಮಸಿಯು ತಾನು ಬರೆದ ಹಾಳೆಯನ್ನೇ ತಿಂದು ತೂತು ಮಾಡುವುದು. ಲ್ಯಾಟಿನ್ನನ್ನೂ ಪೋರ್ಚುಗೀಸನ್ನೂ ಓದಬಲ್ಲವರು ವರ್ಷ ವರ್ಷಕ್ಕೆ ಕಡಮೆಯಾಗುತ್ತಿರುವರು. ಕಾಯುತ್ತ ಕುಳಿತರೆ ಮುಂದೆ ಬಾಗಿಲನ್ನು ತೆರೆದಾಗ ಒಳಗೆ ತೋರಿಸಲು ಏನೂ ಉಳಿಯದಿರಬಹುದು.

ಕಾಯಿದೆಯೂ ಈ ದೇಶದಲ್ಲಿ ಹೊಸದಾಗಿ ಹುಟ್ಟಬೇಕಾಗಿಲ್ಲ. ೧೮೭೨ ರ ಕ್ರೈಸ್ತ ವಿವಾಹ ಕಾಯಿದೆಯ ೭೯ ನೆಯ ಸೆಕ್ಷನ್ನು, ಆ ಕಾಯಿದೆಯಂತೆ ಇಡಲ್ಪಟ್ಟ ವಿವಾಹದ ರಿಜಿಸ್ಟರುಗಳನ್ನು, ತಕ್ಕ ಶುಲ್ಕವನ್ನು ತೆತ್ತವರಿಗೆ, ಯುಕ್ತವಾದ ವೇಳೆಯಲ್ಲಿ ಹುಡುಕಲು ಬಿಡಬೇಕೆಂದೂ ಪ್ರಮಾಣಿತವಾದ ನಕಲನ್ನು ಕೊಡಬೇಕೆಂದೂ ವಿಧಿಸಿದೆ. ಮದುವೆಯ ಪುಸ್ತಕಕ್ಕೆ ನೂರೈವತ್ತು ವರ್ಷದ ಹಿಂದೆಯೇ ಒಪ್ಪಿದ ನ್ಯಾಯವು ಜ್ಞಾನಸ್ನಾನದ ಮತ್ತು ಸಮಾಧಿಯ ಹಳೆಯ ಪುಸ್ತಕಗಳಿಗೆ ಏಕೆ ಸಲ್ಲಬಾರದು?

ಹಿಂದೂ ಮನೆತನದವರು ಪರಮತದ ಪುಸ್ತಕಗಳ ವಿಷಯದಲ್ಲಿ ಮಾತನಾಡುವುದು ಸಲ್ಲದೆಂಬ ಆಕ್ಷೇಪವೂ ಬರಬಹುದು. ನ್ಯಾಯಕ್ಕೆ ಮತಭೇದವಿಲ್ಲ. ಮಠಗಳ ಕಡತಗಳಿಗೂ ದೇವಸ್ಥಾನಗಳ ಲೆಕ್ಕದ ಪುಸ್ತಕಗಳಿಗೂ ತೀರ್ಥಪುರೋಹಿತರ ವಹಿಗಳಿಗೂ ಇದೇ ಅಳತೆಗೋಲನ್ನು ಹಿಡಿಯಬೇಕು. ಗಂಟು ಕಟ್ಟಿ ಅಟ್ಟದ ಮೇಲೆ ಎಸೆದ ಕಡತಗಳು ಎಷ್ಟು ಮಠಗಳಲ್ಲಿ ಗೆದ್ದಲಿಗೆ ಗ್ರಾಸವಾಗಿಲ್ಲ? ಇಗರ್ಜಿಯವರಾದರೋ ತಾರೀಖು ಹಾಕಿ, ಸಾಕ್ಷಿಯನ್ನು ಬರೆದು, ಬಡವನ ಕೂಸಿಗೂ ಒಂದು ಸಾಲನ್ನು ಕೊಟ್ಟರು. ಜಾತಿಯ ತಾರತಮ್ಯವಿದ್ದ ನಾಡಿನಲ್ಲಿ ಕೂಲಿಯವನ ಮಗಳ ಹೆಸರು ಪುಸ್ತಕಕ್ಕೆ ಏರಿದುದು ಸಾಮಾನ್ಯವಾದ ಉಪಕಾರವಲ್ಲ. ಇಷ್ಟು ಶ್ರಮದಿಂದ ಕಾಪಾಡಿದವರು ಕೊನೆಯ ಹೆಜ್ಜೆಯಲ್ಲಿ ಕೈಯನ್ನು ಬಿಗಿಹಿಡಿದು ತಮ್ಮ ಪುಣ್ಯವನ್ನು ತಾವೇ ಕುಂದಿಸಿಕೊಳ್ಳಬಾರದೆಂಬುದೇ ಇಲ್ಲಿಯ ವಾದದ ತಾತ್ಪರ್ಯ.

ಬೇಡುವುದಾದರೂ ಹೆಚ್ಚೇನಲ್ಲ. ನೂರು ವರ್ಷ ದಾಟಿದ ಪುಸ್ತಕಗಳ ಚಿತ್ರಗಳನ್ನು ತೆಗೆದು, ಒಂದು ಪ್ರತಿಯನ್ನು ಧರ್ಮಪ್ರಾಂತ್ಯದಲ್ಲಿಯೂ ಮತ್ತೊಂದನ್ನು ದೂರದ ಸಾರ್ವಜನಿಕ ದಾಖಲೆಗೃಹದಲ್ಲಿಯೂ ಇಡುವುದು; ಮೂಲಗ್ರಂಥವನ್ನು ಚರ್ಚೇ ಗೌರವದಿಂದ ಇಟ್ಟುಕೊಳ್ಳುವುದು; ನೋಡಬಂದವನ ಮತವನ್ನು ಕೇಳದಿರುವುದು; ನೂರು ವರ್ಷದೊಳಗಿನ ಪುಸ್ತಕದಿಂದ ಅವರವರ ಮನೆಯ ಸಾಲನ್ನು ಅವರವರಿಗೆ ನಕಲು ಮಾಡಿ ಕೊಡುವುದು; ಕೊಡೆವೆಂದರೆ ಕಾರಣವನ್ನು ಬರೆದು ತಿಳಿಸುವುದು. ಇವುಗಳಲ್ಲಿ ಯಾವುದೂ ಧರ್ಮಕ್ಕೆ ವಿರುದ್ಧವಲ್ಲ, ಯಾವುದೂ ಅಸಾಧ್ಯವಲ್ಲ. ಬೇರೆ ಬೇರೆ ದೇಶಗಳಲ್ಲಿ ಆಚರಣೆಗೆ ಬಂದಿರುವ ಕ್ರಮಗಳಿಗೆ ಇವು ಸಮೀಪವಾದುವೇ.

ನಿಕ್ಷೇಪವನ್ನು ಇಟ್ಟವನು ಸತ್ತರೆ ಅವನ ಮಕ್ಕಳಿಗೆ ಅದನ್ನು ಒಪ್ಪಿಸುವುದು ಧರ್ಮ. ಇಗರ್ಜಿಯಲ್ಲಿ ಹೆಸರನ್ನಿಟ್ಟವರು ಸತ್ತುಹೋಗಿದ್ದಾರೆ. ಅವರ ಮಕ್ಕಳು ಬಾಗಿಲಲ್ಲಿ ನಿಂತು, ಚಿನ್ನವನ್ನಾಗಲಿ ಭೂಮಿಯನ್ನಾಗಲಿ ಕೇಳದೆ, ಹೆಸರನ್ನು ಮಾತ್ರ ಕೇಳುತ್ತಿದ್ದಾರೆ. ಅದನ್ನು ಹೇಳುವುದರಿಂದ ಹೇಳಿದವನ ಭಂಡಾರದಲ್ಲಿ ಒಂದು ಅಕ್ಷರವೂ ಕಡಮೆಯಾಗುವುದಿಲ್ಲ. ಹೀಗಿದ್ದೂ ಇಲ್ಲವೆನ್ನುವವರಿಗೆ ಕಾಪಾಡಿದವರೆಂಬ ಕೀರ್ತಿಯು ಎಷ್ಟು ದಿನ ನಿಂತೀತೆಂಬುದನ್ನು ಅವರೇ ಯೋಚಿಸತಕ್ಕದ್ದು.